ಒಂದೇ ರಾತ್ರಿ ತಾನೇ, ಅಂದುಕೊಂಡಿದ್ದೆ

ಹತ್ತು ವರ್ಷದಿಂದ ಕಣ್ಣಿಗೆ ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದೇನೆ. ಮೊದಲ ಜೋಡಿ ಕೊಂಡಾಗ ಅಂಗಡಿಯವರು ಹೇಳಿದ್ದು ಎರಡೇ ಮಾತು: ತಿಂಗಳಿಗೊಮ್ಮೆ ಬದಲಾಯಿಸಿ, ಲೆನ್ಸ್ ತೊಳೆಯುವ ಸಲ್ಯೂಷನ್ ಬಾಟಲ್ ಫ್ರೀ. ಹಾಕಿಕೊಂಡು ಮಲಗಬೇಡಿ, ನೀರು ತಾಗಿಸಬೇಡಿ ಅಂತ ಒಂದು ಮಾತೂ ಬರಲಿಲ್ಲ.

ಎರಡು ವರ್ಷದ ಹಿಂದೆ ಬೆಂಗಳೂರಿಂದ ಶಿವಮೊಗ್ಗಕ್ಕೆ ರಾತ್ರಿ ಬಸ್ಸು. ಲೆನ್ಸ್ ಡಬ್ಬಿ ಡಿಕ್ಕಿಯಲ್ಲಿದ್ದ ಬ್ಯಾಗಿನಲ್ಲಿ. ಹಾಗೇ ನಿದ್ದೆ ಮಾಡಿದೆ. ಬೆಳಗಿನ ಜಾವ ಎದ್ದರೆ ಬೀದಿ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿತ್ತು. ಲೆನ್ಸ್ ಕಣ್ಣಿಗೇ ಅಂಟಿತ್ತು, ಎಳೆದು ತೆಗೆದೆ. ಸಂಜೆಗೆ ಕಣ್ಣು ಕೆಂಡ. ಮರುದಿನ ಡಾಕ್ಟರು ಹಳದಿ ಬಣ್ಣ ತಾಗಿಸಿ, ನೀಲಿ ಬೆಳಕು ಬಿಟ್ಟು, ಫೋಟೋ ತೆಗೆದು ತೋರಿಸಿದರು. ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಹಸಿರು ಚುಕ್ಕಿ. ಸೋಂಕಿನ ಹುಣ್ಣು. "ಇದೇ ನಡುಮಧ್ಯ ಆಗಿದ್ರೆ ಕಲೆ ಉಳಿದು ದೃಷ್ಟಿಗೇ ಅಡ್ಡ ಬರ್ತಿತ್ತಮ್ಮ" ಅಂದರು. ಗಂಟೆಗೊಂದು ಹನಿ, ರಾತ್ರಿ ಅಲಾರಂ ಇಟ್ಟು ಎದ್ದೆದ್ದು.

ಆಮೇಲೆ ಕೂತು ಓದಿದೆ. ಕಾರ್ನಿಯಾ ಅರ್ಧ ಮಿಲಿಮೀಟರ್ ದಪ್ಪ, ಅಷ್ಟೇ. ಅದರಲ್ಲಿ ರಕ್ತನಾಳ ಇಲ್ಲ, ಇದ್ದಿದ್ದರೆ ಗಾಜಿನಂತೆ ತಿಳಿಯಾಗಿರುತ್ತಿರಲಿಲ್ಲ. ಹಾಗಾಗಿ ಅದಕ್ಕೆ ಆಮ್ಲಜನಕ ಬಹುಪಾಲು ಹೊರಗಿನ ಗಾಳಿಯಿಂದಲೇ, ಕಣ್ಣೀರಿನಲ್ಲಿ ಕರಗಿ ಸಿಗಬೇಕು. ಕಣ್ಣು ಮುಚ್ಚಿದಾಗ ರೆಪ್ಪೆಯ ಒಳಮೈ ಕೊಟ್ಟಷ್ಟೇ ಗತಿ, ಅದು ಸುಮಾರು ಮೂರನೇ ಒಂದು ಪಾಲು. ಅದಕ್ಕೇ ನಿದ್ದೆಯಲ್ಲಿ ಎಲ್ಲರ ಕಾರ್ನಿಯಾವೂ ಸ್ವಲ್ಪ ಊದುತ್ತದೆ, ಎದ್ದ ಮೇಲೆ ಇಳಿಯುತ್ತದೆ. ಆಗ ಲೆನ್ಸೂ ಇದ್ದರೆ? ಮುಸುಕು ಹಾಕಿ ಮಲಗಿದವನ ಮೇಲೆ ಇನ್ನೊಂದು ಕಂಬಳಿ ಹೊದಿಸಿದ ಹಾಗೆ. ವರ್ಷಗಟ್ಟಲೆ ಹೀಗೇ ಆದರೆ ಅಂಚಿನಿಂದ ಸಣ್ಣ ರಕ್ತನಾಳಗಳು ಒಳಗೆ ತೆವಳಲು ಶುರು ಮಾಡುತ್ತವೆ.

ಈ ಮೆತ್ತನೆ ಲೆನ್ಸನ್ನು ಜೆಕ್ ವಿಜ್ಞಾನಿ ಒಟ್ಟೊ ವಿಖ್ತರ್ಲೆ 1961ರ ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲೇ ಎರಕ ಹೊಯ್ದದ್ದು. ಮಕ್ಕಳು ಆಡುವ ಮೆಕ್ಯಾನೊ ಥರದ ಸೆಟ್ಟಿಗೆ ಸೈಕಲ್ ಡೈನಮೊ ಜೋಡಿಸಿ! ಆ ಪ್ಲಾಸ್ಟಿಕ್ಕಿನಲ್ಲಿ ಆಮ್ಲಜನಕ ದಾಟುವುದು ಅದು ಹೀರಿಕೊಂಡ ನೀರಿನ ಮೂಲಕ ಮಾತ್ರ. 1999ರ ಹೊತ್ತಿಗೆ ಸಿಲಿಕೋನ್ ಹೈಡ್ರೋಜೆಲ್ ಅನ್ನುವ ಹೊಸ ಬಗೆಯ ಪ್ಲಾಸ್ಟಿಕ್ಕಿನ ಲೆನ್ಸ್ ಬಂತು, ಗಾಳಿ ಎಷ್ಟೋ ಜಾಸ್ತಿ ದಾಟುತ್ತದೆ. "ಹೊಸ ಲೆನ್ಸ್ ಅಲ್ವಾ, ಮಲಗಿದ್ರೂ ಪರವಾಗಿಲ್ಲ" ಅಂತ ಆಫೀಸಿನಲ್ಲಿ ವಾದ ಮಾಡುವವರಿದ್ದಾರೆ. ಊತ ಕಡಿಮೆಯಾಯಿತು, ನಿಜ. ಸೋಂಕು ಕಡಿಮೆಯಾಗಲಿಲ್ಲ. ಹಾಕಿಕೊಂಡು ಮಲಗಿದರೆ ಆ ಅಪಾಯ ಇವತ್ತಿಗೂ ಹಲವು ಪಟ್ಟು.

ನೀರಿನದು ಇನ್ನೊಂದು ಕಥೆ. ನಲ್ಲಿ, ಟ್ಯಾಂಕು, ಈಜುಕೊಳ, ಎಲ್ಲ ಕಡೆ ಅಕಾಂತಮೀಬ ಅನ್ನುವ ಸೂಕ್ಷ್ಮಜೀವಿ ಇರಬಹುದು. ಕುಡಿದರೆ ಏನೂ ಆಗಲ್ಲ. ಲೆನ್ಸ್ ಜೊತೆ ಕಾರ್ನಿಯಾಕ್ಕೆ ಹೊಕ್ಕರೆ ತಿಂಗಳುಗಟ್ಟಲೆ ಔಷಧಿ, ಸಹಿಸಲಾಗದ ನೋವು.

ನನಗೆ ಸಿಟ್ಟು ಲೆನ್ಸ್ ಮೇಲಲ್ಲ, ಈಗಲೂ ಹಾಕುತ್ತೇನೆ, ದಿನಕ್ಕೊಂದು ಎಸೆಯುವಂಥದ್ದು. ಬಳೆ ಬಿಂದಿ ಮಾರಿದ ಹಾಗೆ ಮಾರುತ್ತಾರಲ್ಲ, ಅದರ ಮೇಲೆ. ಹೋದ ತಿಂಗಳು ಚಿಕ್ಕಮ್ಮನ ಮಗಳ ಮದುವೆ. ಮೇಕಪ್ ಹುಡುಗಿ ಜೇನು ಬಣ್ಣದ ಲೆನ್ಸನ್ನು ಬಾಟಲ್ ನೀರಿನಲ್ಲಿ ತೊಳೆಯುತ್ತಿದ್ದಳು. ಯಾರಿಗೆ ಹಾಕಿದ್ದೋ ಏನೋ.

"ಏನಾಗಲ್ಲ ಅಕ್ಕ, ಫಿಲ್ಟರ್ ನೀರೇ."

ನಾನು ಬಿಡಲಿಲ್ಲ. ಮುಹೂರ್ತದ ಹೊತ್ತಲ್ಲಿ ರಂಪ ಮಾಡಿದೆ ಅಂತ ಚಿಕ್ಕಮ್ಮ ಇನ್ನೂ ಮಾತು ಬಿಟ್ಟಿದ್ದಾರೆ. ಆಲ್ಬಮ್ ಬಂದಿದೆಯಂತೆ, ನನಗಿನ್ನೂ ತೋರಿಸಿಲ್ಲ.