ತಪಾಸಣೆಯ ದಿನವೇ ಬಾ, ಅಗ್ನಿದೇವ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಮಾತಿದೆ. ಇಂಥ ಊರಿನಲ್ಲಿ ಬೆಂಕಿಗೆ ಯಾರು ಹೆದರುತ್ತಾರೆ? ಕೆಲವು ಆಸ್ಪತ್ರೆಗಳಂತೂ ಹೆದರುವ ಬದಲು ಪೂಜೆ ಮಾಡಿ ಮುಗಿಸುತ್ತವೆ.

ಮೊನ್ನೆ ಬಂಧುವೊಬ್ಬರನ್ನು ನೋಡಲು ಹೋದ ಕಡೆ (ಹೆಸರು ಬೇಡ, ನಾಳೆ ನನಗೂ ಅಲ್ಲಿ ಹಾಸಿಗೆ ಬೇಕಾದೀತು) ಬೆಂಕಿ ನಂದಿಸುವ ಸಿಲಿಂಡರಿನ ದರ್ಶನವಾಯಿತು. ಚಪ್ಪಲಿ ಸ್ಟ್ಯಾಂಡಿನ ಹಿಂದೆ, ಆಯುಧಪೂಜೆಯ ಅಲಂಕಾರದಲ್ಲೇ ನೇತಾಡುತ್ತಿತ್ತು. ಕೊರಳಲ್ಲಿ ಒಣಗಿದ ಚೆಂಡುಹೂವಿನ ಹಾರ, ಹೊಟ್ಟೆಗೆ ಮೂರು ಬೆರಳಿನ ವಿಭೂತಿ. ಒತ್ತಡ ತೋರಿಸುವ ಮಾಪಕದ ಗಾಜಿಗೂ ಕುಂಕುಮ. ಮುಳ್ಳು ಹಸಿರಿನಲ್ಲಿದ್ದರೆ ಸರಿ, ಕೆಂಪಿಗೆ ಇಳಿದರೆ ಒಳಗೆ ಒತ್ತಡವಿಲ್ಲವೆಂದು ಅರ್ಥ. ಇಲ್ಲಿ ಇಡೀ ಗಾಜೇ ಕೆಂಪು. ಕುಂಕುಮ ಅಳಿಸುವ ಅಪಶಕುನಕ್ಕೆ ಯಾವ ತಪಾಸಣಾಧಿಕಾರಿ ತಾನೇ ಕೈ ಹಾಕಿಯಾನು?

ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆಯೂ ನಡೆಯುತ್ತದಂತೆ. ಅಂಗಳದಲ್ಲಿ ಅರ್ಧ ಡ್ರಮ್ಮಿಗೆ ಡೀಸೆಲ್ ಸುರಿದು ಹೊತ್ತಿಸಿ, ಪಿನ್ ಕಿತ್ತು, ಜ್ವಾಲೆಯ ಬುಡಕ್ಕೆ ಪುಡಿ ಎರಚಿ, ಫೋಟೊ ತೆಗೆಸಿಕೊಂಡು, ಅದೇ ಸಿಲಿಂಡರನ್ನು ಮತ್ತೆ ಮೊಳೆಗೆ ತೂಗುಹಾಕುತ್ತಾರೆ. ಸ್ವಲ್ಪವೇ ಬಳಸಿದರೂ ಮರುಭರ್ತಿ ಮಾಡಿಸಬೇಕು. ಆದರೆ ಫೋಟೊದಲ್ಲಿ ಅದು ಖಾಲಿಯೋ ಭರ್ತಿಯೋ ಕಾಣಿಸುವುದಿಲ್ಲವಲ್ಲ.

ನಮ್ಮ ಬೆಂಕಿ ಮುಂಚೆಯೇ ತಿಳಿಸಿ ಬರುವ ಸಂಸ್ಕಾರವಂತ ಬೆಂಕಿ ಎಂಬ ನಂಬಿಕೆ ಇವರದು. ಕೋಲ್ಕತ್ತದ ಬೆಂಕಿಗೆ ಆ ಸಂಸ್ಕಾರವಿರಲಿಲ್ಲ. 2011ರ ಡಿಸೆಂಬರಿನಲ್ಲಿ ಅಲ್ಲಿನ ಖಾಸಗಿ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಹೊತ್ತಿಕೊಂಡು, ನಸುಕಿನಲ್ಲಿ ಹೊಗೆಯಾಗಿ ವಾರ್ಡುಗಳಿಗೆ ಏರಿತು. ಸತ್ತ ಸುಮಾರು 90 ಮಂದಿಯಲ್ಲಿ ಹೆಚ್ಚಿನವರ ಉಸಿರುಗಟ್ಟಿಸಿದ್ದು ಹೊಗೆ. 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆಯಲ್ಲಿ 10 ಹಸುಗೂಸುಗಳು ಹೋದವು. 2024ರ ನವೆಂಬರಿನಲ್ಲಿ ಝಾನ್ಸಿಯಲ್ಲಿ, ಒಂದೇ ರಾತ್ರಿ, ಮತ್ತೆ 10. ಇಂಥ ಸುದ್ದಿ ಬಂದಾಗಲೆಲ್ಲ ಕಟ್ಟುನಿಟ್ಟಿನ ತಪಾಸಣೆಗೆ ಆದೇಶ ಹೊರಡುತ್ತದೆ, ಚಪ್ಪಲಿ ಸ್ಟ್ಯಾಂಡು ಎರಡಡಿ ಪಕ್ಕಕ್ಕೆ ಸರಿಯುತ್ತದೆ. ವಾರ ಕಳೆದರೆ ಎರಡೂ ಸ್ವಸ್ಥಾನಕ್ಕೆ.

ಮೂರನೇ ಮಹಡಿಯಲ್ಲಿ 'ತುರ್ತು ನಿರ್ಗಮನ' ಎಂಬ ಹಸಿರು ದೀಪ ಉರಿಯುತ್ತಿತ್ತು. ಕೆಟ್ಟ ಹೆಸರು ಏಕೆ ಹೇಳಲಿ, ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಅದರ ಕೆಳಗಿನ ಬಾಗಿಲಿಗೆ ಬೀಗ. ಗಾಜಿನಲ್ಲಿ ಇಣುಕಿದರೆ ಮೆಟ್ಟಿಲ ಮೇಲೆ ಕಾಲು ಮುರಿದ ಮಂಚಗಳು, ಸಲೈನ್ ಡಬ್ಬಗಳು, ಯಾರದೋ ಹೆಸರಿನ ಉದ್ಘಾಟನಾ ಫಲಕ.

"ಬೀಗ ಏಕಪ್ಪಾ?" ಎಂದು ಕಾವಲುಗಾರನನ್ನು ಕೇಳಿದೆ.

"ಬಿಲ್ ಕಟ್ಟದೆ ಇಳಿದು ಹೋಗುತ್ತಾರೆ ಸಾರ್."

"ಬೀಗದ ಕೈ?"

"ಮ್ಯಾನೇಜರ್ ಹತ್ತಿರ ಇದೆ. ಅವರು ಮದುವೆಗೆಂದು ಹೊಸಪೇಟೆಗೆ ಹೋಗಿದ್ದಾರೆ."

"ಈಗಲೇ ಬೆಂಕಿ ಬಿದ್ದರೆ?"

"ಏನೂ ತೊಂದರೆ ಇಲ್ಲ ಸಾರ್, ಮುಂಬಾಗಿಲಿನಿಂದಲೇ ಎಲ್ಲರನ್ನೂ ಬಿಡುತ್ತೇವೆ. ಬಿಲ್ಲಿಂಗ್ ಕೌಂಟರಿನಲ್ಲಿ ಗೇಟ್ ಪಾಸ್ ಒಂದು ಮಾಡಿಸಿಕೊಂಡು ಬರಬೇಕು, ಅಷ್ಟೆ."