ಹುಟ್ಟದ ತೀರ್ಪಿನ ಜಾತಕ

ಕೃತಕ ಬುದ್ಧಿಮತ್ತೆಯ ಮಾತು ನಂಬಿ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ಮತ್ತೊಬ್ಬ ವಕೀಲರು ಸಿಕ್ಕಿಬಿದ್ದಿದ್ದಾರೆ. ಬೆನ್ನಲ್ಲೇ ವಕೀಲರಿಗೆ ತಂತ್ರಜ್ಞಾನದ ಕೌಶಲ ಕಲಿಸಬೇಕೆಂಬ ಕೂಗೂ ಎಂದಿನಂತೆ ಎದ್ದಿದೆ. ಕಲಿಸೋಣ. ಆದರೆ ಈ ವಿದ್ಯೆಯ ಆದಿಪುರುಷರನ್ನು ನೆನೆಯದೆ ಪಾಠ ಆರಂಭಿಸಿದರೆ ಗುರುದ್ರೋಹವಾದೀತು.

ನ್ಯೂಯಾರ್ಕಿನ ಮಾಟಾ–ಏವಿಯಾಂಕಾ ಮೊಕದ್ದಮೆ ಯಾರಿಗೆ ಗೊತ್ತಿಲ್ಲ? ವಿಮಾನದೊಳಗಿನ ತಳ್ಳುಗಾಡಿ ಮೊಣಕಾಲಿಗೆ ಬಡಿಯಿತೆಂದು ಪ್ರಯಾಣಿಕರೊಬ್ಬರು ಪರಿಹಾರ ಕೇಳಿದ್ದರು. ಮೂವತ್ತು ವರ್ಷ ವಕೀಲಿ ನಡೆಸಿದ್ದ ಅವರ ವಕೀಲರು ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಪೂರ್ವನಿದರ್ಶನಗಳನ್ನು, ಎಂದರೆ ವಾದಕ್ಕೆ ಆಧಾರವಾಗುವ ಹಿಂದಿನ ತೀರ್ಪುಗಳನ್ನು, ತಂದರು. ಎದುರು ಪಕ್ಷದವರಿಗೆ ಅವು ಎಲ್ಲಿಯೂ ಸಿಗಲಿಲ್ಲ. ತೀರ್ಪಿನ ಪ್ರತಿ ಒದಗಿಸಿ ಎಂದು ನ್ಯಾಯಾಲಯ ಆದೇಶಿಸಿದಾಗ ಇವರು ಪುನಃ ಅದೇ ಯಂತ್ರದ ಬಾಗಿಲು ತಟ್ಟಿ, ಅದು ಹೊಸೆದುಕೊಟ್ಟದ್ದನ್ನೇ ಸಲ್ಲಿಸಿದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಕಂಡಿದ್ದೇವೆ. ಹುಟ್ಟದ ಕೂಸಿನ ಜಾತಕ ಬರೆಸಿ ನ್ಯಾಯಪೀಠದ ಮುಂದಿಟ್ಟವರು ಇವರೇ ಇರಬೇಕು.

ಪರಿಶೀಲನೆ ನಡೆದಿರಲಿಲ್ಲವೆಂದು ದೂರುವಂತಿಲ್ಲ. ಯಂತ್ರ ಕೊಟ್ಟ ನಿದರ್ಶನಗಳಲ್ಲೊಂದರ ಹೆಸರು ಹಿಡಿದು, ‘ವರ್ಗೀಸ್ ನಿಜವಾದ ಪ್ರಕರಣವೇ?’ ಎಂದು ಅವರು ಯಂತ್ರವನ್ನೇ ಕೇಳಿದ್ದರು. ಹೌದೆಂದಿತು. ಉಳಿದವೂ ನಿಜವೇ, ಹೆಸರಾಂತ ಕಾನೂನು ಭಂಡಾರಗಳಲ್ಲಿ ಸಿಗುತ್ತವೆ ಎಂದೂ ಭರವಸೆ ಕೊಟ್ಟಿತು. ಪಾಟೀಸವಾಲನ್ನೇ ಕಸುಬಾಗಿಸಿಕೊಂಡವರು ಸಾಕ್ಷಿಯ ಪ್ರಾಮಾಣಿಕತೆಯನ್ನು ಸಾಕ್ಷಿಯ ಬಾಯಿಂದಲೇ ದೃಢಪಡಿಸಿಕೊಂಡು, ಆ ಸಂಭಾಷಣೆಯ ಚಿತ್ರಗಳನ್ನು ನ್ಯಾಯಾಲಯಕ್ಕೆ ಕೊಟ್ಟ ತಮ್ಮ ಅಫಿಡವಿಟ್ಟಿಗೆ ಲಗತ್ತಿಸಿದರು.

2023ರ ಜೂನ್‌ನಲ್ಲಿ ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ 5,000 ಡಾಲರ್ ದಂಡ ವಿಧಿಸಿದರು. ಜೊತೆಗೆ, ಆ ಸುಳ್ಳು ತೀರ್ಪುಗಳಿಗೆ ಯಾರ ಹೆಸರು ಅಂಟಿಸಲಾಗಿತ್ತೋ ಆ ನ್ಯಾಯಾಧೀಶರಿಗೆಲ್ಲ ಪತ್ರ ಬರೆದು ತಿಳಿಸಬೇಕೆಂದರು. ಆ ಪತ್ರದ ಒಕ್ಕಣೆಯನ್ನು ಊಹಿಸುವುದೇ ನನಗೊಂದು ಸುಖ. ‘ಮಹಾಸ್ವಾಮಿ, ತಾವು ಬರೆಯದೇ ಇದ್ದ ತೀರ್ಪನ್ನು ನಾವು ಓದದೆಯೇ ಬಹುವಾಗಿ ಮೆಚ್ಚಿಕೊಂಡಿದ್ದೆವು...’

ತಂತ್ರಜ್ಞಾನದ ಲಾಭವನ್ನೂ ಅಪಾಯವನ್ನೂ ವಕೀಲ ಅರಿತಿರಬೇಕೆಂದು ಅಮೆರಿಕದ ವಕೀಲರ ಸಂಘ 2012ರಲ್ಲೇ ತನ್ನ ಮಾದರಿ ನಿಯಮಗಳ ವಿವರಣೆಯಲ್ಲಿ ಸೇರಿಸಿತ್ತು. 2024ರ ಜುಲೈನಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆಯೇ ಅಭಿಪ್ರಾಯ ಹೊರಡಿಸಿ, ಕಕ್ಷಿದಾರನ ಗುಟ್ಟು ಕಾಯಿರಿ, ಯಂತ್ರದ ಉತ್ತರವನ್ನು ಪರಿಶೀಲಿಸಿ, ಮಾಡದ ದುಡಿಮೆಗೆ ಶುಲ್ಕ ಕೀಳಬೇಡಿ ಎಂದಿತು. ಕೊನೆಯದನ್ನು ಬರೆದು ಹೇಳಬೇಕಾಯಿತಲ್ಲ ಎಂಬುದನ್ನು ಗಮನಿಸಬೇಕು.

ಈಗ ಪ್ರಾಂಪ್ಟ್, ಅಂದರೆ ಯಂತ್ರಕ್ಕೆ ಕೊಡುವ ಸೂಚನೆ, ಬರೆಯುವ ಕಲೆಗೂ ಶಿಬಿರ, ಶಿಬಿರಕ್ಕೊಂದು ಪ್ರಮಾಣಪತ್ರ. ನಗುವುದಕ್ಕೂ ಬೇಸರವಾಗಿದೆ. ಉಲ್ಲೇಖಿಸಿದ ತೀರ್ಪನ್ನು ಒಮ್ಮೆ ತೆರೆದು ಓದುವುದಕ್ಕೆ ಯಾವ ಶಿಬಿರ ಬೇಕು? ಓದದೆ ಸಹಿ ಹಾಕಿದವರು ದಂಡ ಕಟ್ಟಿ ಮನೆಗೆ ಹೋಗುತ್ತಾರೆ. ನಂಬಿ ವಕಾಲತ್ತು ಕೊಟ್ಟವನ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ಆ ಮೊಣಕಾಲಿನ ದಾವೆ, ದಂಡ ವಿಧಿಸಿದ ದಿನವೇ, ಎರಡು ವರ್ಷದ ಕಾಲಮಿತಿ ಮೀರಿದೆಯೆಂದು ವಜಾ ಆಯಿತು.