ಆರ್ಡರ್ ಇಲ್ಲದಾಗ ಎತ್ತದ ಫೋನ್

ಕಳೆದ ವಾರ ದಾವಣಗೆರೆಯ ಕರೂರು ಇಂಡಸ್ಟ್ರಿಯಲ್ ಏರಿಯಾದ ಹತ್ತಿರ ಟೀ ಕುಡಿಯುತ್ತಾ ನಾಲ್ಕೈದು ಜನ ಶೆಡ್ ಮಾಲೀಕರು ಮಾತಾಡುತ್ತಿದ್ದೆವು. ಎಲ್ಲರದ್ದೂ ಒಂದೇ ಮಾತು. ಆರ್ಡರ್ ಇಲ್ಲ, ಇಬ್ಬರು ಮೂವರನ್ನ ಬಿಡಿಸಬೇಕು, ಕೆಲಸ ಬಂದಾಗ ಮತ್ತೆ ಕರೆದರಾಯ್ತು. ಕರೆದರೆ ಬರುವುದಿಲ್ಲ ಅಂತ ಅಲ್ಲೇ ಹೇಳಿದೆ. ನಾನು ಕರೆದು ನೋಡಿದ್ದೇನೆ.

ನಮ್ಮದು ಚಿಕ್ಕ ಮಷೀನ್ ಶಾಪ್. ಮೂರು ಲೇತ್, ಕಂಪ್ಯೂಟರಿನಿಂದ ಓಡುವ ಎರಡು ಸಿಎನ್‌ಸಿ ಮತ್ತು ಒಂದು ವಿಎಂಸಿ ಮಷೀನ್, 14 ಜನ. ಮೆಕ್ಕೆಜೋಳ ಒಕ್ಕುವ ಯಂತ್ರದ ಶಾಫ್ಟು, ಪುಲ್ಲಿ, ರೈಸ್ ಮಿಲ್ಲಿನ ಬಿಡಿಭಾಗ ಮಾಡುತ್ತೇವೆ. ದಾವಣಗೆರೆಯಲ್ಲಿ ಮಳೆ ಕೈಕೊಟ್ಟು ಭದ್ರಾ ನಾಲೆಗೆ ನೀರು ಕಮ್ಮಿಯಾದರೆ ಸಾಕು, ವ್ಯಾಪಾರ ಮಲಗುತ್ತದೆ. ರೈತ ಹೊಸ ಯಂತ್ರ ಕೊಳ್ಳಲ್ಲ, ಹಳೇದನ್ನೇ ವೆಲ್ಡಿಂಗ್ ಮಾಡಿಸಿ ಓಡಿಸುತ್ತಾನೆ. 2023ರ ಬರದಲ್ಲಿ ಹಾಗೇ ಆಯ್ತು.

ಆದರೆ ನನಗೆ ಪಾಠ ಆಗಿದ್ದು 2020ರಲ್ಲಿ. ಮಾರ್ಚ್ 25ಕ್ಕೆ ಲಾಕ್‌ಡೌನ್, ಶೆಡ್ಡಿಗೆ ಬೀಗ. ಆ ತಿಂಗಳ ಸಂಬಳ ಕೊಟ್ಟೆ. ಮುಂದಿನ ತಿಂಗಳು ಅರ್ಧ ಕೊಟ್ಟೆ. ಆಮೇಲೆ ಹುಡುಗರ ಫೋನ್ ಬಂದರೆ ಎತ್ತುವುದನ್ನೇ ಬಿಟ್ಟೆ. ಕೈಯಲ್ಲಿ ದುಡ್ಡಿರಲಿಲ್ಲ, ಏನು ಹೇಳಬೇಕೋ ತಿಳಿಯಲಿಲ್ಲ.

ನನ್ನ ಹತ್ತಿರ ಎಂಟು ವರ್ಷದಿಂದ ಒಬ್ಬ ಸೆಟ್ಟರ್ ಇದ್ದ, ಅಂದರೆ ಮಷೀನಿಗೆ ಟೂಲು, ಅಳತೆ ಹೊಂದಿಸಿ ಕೊಡುವವನು. ಜಾಬ್, ಅಂದರೆ ಮಷೀನಿನಲ್ಲಿ ಮಾಡಿದ ಪೀಸ್, ಕೈಗೆ ತಗೊಂಡು ಮೇಲ್ಮೈಯನ್ನ ಉಗುರಿನಲ್ಲಿ ಸವರಿ, ‘ಅಣ್ಣಾ, ಇನ್ಸರ್ಟ್ ಸವೆದಿದೆ’ ಅನ್ನುತ್ತಿದ್ದ. ಇನ್ಸರ್ಟ್ ಅಂದರೆ ಲೋಹ ಕತ್ತರಿಸುವ ಟೂಲಿನ ತುದಿ. ತೆಗೆದು ನೋಡಿದರೆ ಸವೆದೇ ಇರುತ್ತಿತ್ತು. ಆ ವರ್ಷ ದಸರಾ ಹೊತ್ತಿಗೆ ಅವನು ಬೆಂಗಳೂರಿನ ಪೀಣ್ಯಕ್ಕೆ ಕೆಲಸಕ್ಕೆ ಹೋದ.

2021ರ ಕೊನೆಗೆ ಆರ್ಡರ್ ಒಮ್ಮೆಲೇ ಬಂತು. ಎರಡು ಸಾವಿರ ಜಾಸ್ತಿ ಕೊಡ್ತೀನಿ, ಬಾರಪ್ಪಾ ಅಂತ ಫೋನ್ ಮಾಡಿದೆ. ಅವನು ಸಿಟ್ಟಾಗಲಿಲ್ಲ. ‘ದುಡ್ಡಿನ ಮಾತಲ್ಲ ಅಣ್ಣಾ. ಅವಾಗ ನೀವು ಒಂದ್ಸಲ ಫೋನ್ ಎತ್ತಿದ್ರೆ ಸಾಕಿತ್ತು. ಕೆಲಸ ಇದೆಯಾ ಇಲ್ವಾ ಅಂತ ಮನೇಲಿ ದಿನಾ ಕೇಳೋರು. ನಾನೇನು ಹೇಳ್ಬೇಕಿತ್ತು?’ ಅಂದ.

ಅವನ ಜಾಗಕ್ಕೆ ಹೊಸ ಹುಡುಗನನ್ನ ಹಾಕಿದೆ. ಮೊದಲ ಲಾಟಿನಲ್ಲೇ 60 ಶಾಫ್ಟ್ ರಿಜೆಕ್ಟ್. ಬೇರಿಂಗ್ ಕೂರುವ ಜಾಗವೇ ಅಂಡರ್‌ಸೈಜ್. ಅವನ ತಪ್ಪಲ್ಲ, ಕಲಿಸುವವನನ್ನೇ ನಾನು ಕಳೆದುಕೊಂಡಿದ್ದೆ. ಮೆಟೀರಿಯಲ್ಲು, ಕರೆಂಟು, ಮತ್ತೆ ಮಾಡಿದ ಕೂಲಿ ಎಲ್ಲ ಕೂಡಿಸಿದರೆ, ಆ ಸೆಟ್ಟರ್‌ಗೆ ನಾನು ಕೊಡದೆ ಉಳಿಸಿದ್ದಕ್ಕಿಂತ ಜಾಸ್ತಿ ಹೋಯಿತು.

ಈಗಿನ ಹುಡುಗರಿಗೆ ನಿಯತ್ತಿಲ್ಲ ಅನ್ನುವ ಮಾತು ನಮ್ಮ ಮಾಲೀಕರ ಬಾಯಲ್ಲಿ ಸದಾ ಇರುತ್ತದೆ. ಕೇಳಿದರೆ ಹೊಟ್ಟೆ ಉರಿಯುತ್ತದೆ. ಕಷ್ಟಕಾಲದಲ್ಲಿ ನಾವು ಯಾವ ನಿಯತ್ತು ತೋರಿಸಿದ್ದೇವೆ? ಈ ಊರನ್ನ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು, ಕೆಲಸ ಬಲ್ಲ ಕೈಗಳು ಚದುರಿ ಹೋದವು. ಹಾಗೆ ಚದುರಿದವರನ್ನ ಮತ್ತೆ ಒಟ್ಟು ಮಾಡಲು ಯಾರಿಗೂ ಆಗಲಿಲ್ಲ.

ಇನ್ನೊಂದು ಮಾತು, ‘ಊರಲ್ಲೇ ಇದ್ದರೆ ಮನೆ ಊಟ, ರೂಮ್ ಬಾಡಿಗೆ ಇಲ್ಲ, ಅದಕ್ಕೇ ಸಂಬಳ ಕಮ್ಮಿ.’ ಇದನ್ನ ನಾನೂ ಹೇಳಿದ್ದೆ, ಇನ್ನು ಹೇಳಲ್ಲ. ಹುಡುಗನ ತಾಯಿ ಮಾಡಿಕೊಡುವ ರೊಟ್ಟಿಯನ್ನ ನಾನು ಸಂಬಳದಲ್ಲಿ ಹಿಡಿದುಕೊಳ್ಳುವುದು ಯಾವ ನ್ಯಾಯ?

ಈ ಸಲ ಆರ್ಡರ್ ಇಳಿದ ತಕ್ಷಣ ಎಲ್ಲರನ್ನೂ ಕೂರಿಸಿ ಲೆಕ್ಕದ ಪುಸ್ತಕ ತೆಗೆದು ತೋರಿಸಿದೆ. ಓಟಿ ಇರಲ್ಲ, ದೀಪಾವಳಿ ಬೋನಸ್ ತಡ ಆಗಬಹುದು, ಸಂಬಳ ಏಳನೇ ತಾರೀಕು ತಪ್ಪಲ್ಲ, ಯಾರನ್ನೂ ಬಿಡಿಸಲ್ಲ ಅಂದೆ. ಹಿರಿಯ ಟರ್ನರ್ ಒಬ್ಬರು ಸುಮ್ನೆ ಕೇಳಿಸಿಕೊಂಡು, ‘ಅಷ್ಟು ಗೊತ್ತಾದ್ರೆ ಸಾಕು ಬಿಡ್ರಿ, ನಾವೂ ಮನೇಲಿ ಹೇಳ್ತೀವಿ’ ಅಂದರು. ಮತ್ತೆ ಅದೇ, ಮನೇಲಿ ಏನು ಹೇಳುವುದು ಅನ್ನುವ ಮಾತು.

ಪಿಎಫ್ ವಿಷಯವೂ ಅಷ್ಟೇ. 20 ಜನ ಇದ್ದರೆ ಕಡ್ಡಾಯ, ನಮ್ಮಲ್ಲಿ ಇರುವುದು 14. ಅದಕ್ಕೇ ಇಷ್ಟು ವರ್ಷ ತಪ್ಪಿಸಿಕೊಂಡೆ. ಆದರೆ ನಾವಾಗಿಯೇ ಸೇರಲು ಅವಕಾಶ ಇದೆ. ಹೆಣ್ಣಿನ ಕಡೆಯವರು ಮೊದಲು ಕೇಳುವುದೇ ‘ಹುಡುಗನಿಗೆ ಪಿಎಫ್ ಕಟ್ ಆಗುತ್ತಾ’ ಅಂತ, ಅಲ್ವಾ? 15,000 ರೂಪಾಯಿ ಸಂಬಳದ ಮೇಲೆ ನನ್ನ ಪಾಲು 12 ಪರ್ಸೆಂಟ್, ಅಂದರೆ 1,800. ಆಸ್ಪತ್ರೆ ಖರ್ಚಿಗೆ ಆಗುವ ಇಎಸ್‌ಐ ಹತ್ತು ಜನ ಇದ್ದರೂ ಸಾಕು, ಕಡ್ಡಾಯ. ಅದಕ್ಕೆ ನನ್ನ ಪಾಲು 3.25 ಪರ್ಸೆಂಟ್, ಅದೇ ಸಂಬಳಕ್ಕೆ 500 ರೂಪಾಯಿಯೂ ಆಗಲ್ಲ. ಕೆಲಸ ಕಮ್ಮಿ ಇರುವಾಗಲೇ ಈ ಕಾಗದ ಪತ್ರ ಮುಗಿಸಬೇಕು. ಆರ್ಡರ್ ಬಂದ ಮೇಲೆ ಪುರುಸೊತ್ತು ಎಲ್ಲಿ?

ವಿಎಂಸಿ ಈಗ ಮಧ್ಯಾಹ್ನ ಖಾಲಿ ಇರುತ್ತದೆ. ಲೇತ್ ಹುಡುಗರಿಗೆ ಅದರ ಮೇಲೆ ಸೆಟ್ಟಿಂಗ್ ಕಲಿಸುತ್ತಿದ್ದೇವೆ. ಹರಿಹರದ ಕಡೆಯ ಹುಡುಗನೊಬ್ಬ ಸ್ಕ್ರಾಪ್ ಪೀಸ್ ಕಟ್ಟಿ, ಟೂಲಿಗೂ ಜಾಬಿಗೂ ನಡುವೆ ಕಾಗದದ ಚೂರು ಇಟ್ಟು, ಹ್ಯಾಂಡ್‌ವೀಲ್ ಒಂದೊಂದೇ ಕ್ಲಿಕ್ ತಿರುಗಿಸುತ್ತಾನೆ. ಇನ್ನೊಂದು ಕೈಯಲ್ಲಿ ಕಾಗದ ಅಲ್ಲಾಡಿಸುತ್ತಾ ಇರುತ್ತಾನೆ. ಕಾಗದ ಸಿಕ್ಕಿಕೊಂಡ ಕೂಡಲೇ ನಿಲ್ಲಿಸಿ ನಮ್ಮ ಮುಖ ನೋಡುತ್ತಾನೆ. ಆ ಮುಖವನ್ನ ಮಾಲೀಕರೆಲ್ಲ ಒಂದು ಸಲ ನೋಡಬೇಕು.

ಕಲಿತು ಪೀಣ್ಯಕ್ಕೆ ಹೋಗಲ್ವಾ ಅಂತ ಕೇಳುತ್ತಾರೆ. ಒಬ್ಬಿಬ್ಬರು ಹೋಗಬಹುದು. ಕಲಿಸದಿದ್ದರೂ ಹೋಗುತ್ತಾರೆ. ಕಲಿತವನು ಇಲ್ಲೇ ನಿಂತು ಸೆಟ್ಟರ್ ಸಂಬಳ ಕೇಳಿದರೆ ಕೊಡಲೇಬೇಕು, ಆಪರೇಟರ್ ಸಂಬಳಕ್ಕೆ ದುಡಿಸಬಾರದು.

ಬುಧವಾರ ಐಟಿಐಗೆ ಹೋಗುತ್ತಿದ್ದೇನೆ, ಇಬ್ಬರು ಅಪ್ರೆಂಟಿಸ್ ತಗೊಳ್ಳಲು. ಕೇಂದ್ರದ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗವನ್ನ, ತಿಂಗಳಿಗೆ 1,500 ರೂಪಾಯಿವರೆಗೆ, ಸರ್ಕಾರವೇ ಕೊಡುತ್ತದೆ. ಕರೂರು ಕಡೆಯವರು ಯಾರಾದರೂ ಜೊತೆಗೆ ಬರುವುದಾದರೆ ಹೇಳಿ. ಗಾಡಿಯಲ್ಲಿ ಇನ್ನೂ ಮೂವರಿಗೆ ಜಾಗ ಇದೆ.